ನಾಗಸಾಕಿ: ಮೊದಲು ಬಂದರು, ಆಮೇಲೆ ಉರಕಾಮಿ

ನಾಗಸಾಕಿಯ ಹೆಸರು ನಮ್ಮ ಬಾಯಲ್ಲಿ ಒಂಟಿಯಾಗಿ ಬರುವುದೇ ಅಪರೂಪ. ಶಾಲೆಯ ಪಾಠದಿಂದಲೂ ಅದು ಹಿರೋಶಿಮಾದ ಬೆನ್ನಿಗೆ ಬರುವ ಎರಡನೆಯ ಊರು. ಜಪಾನಿಗೆ ಹೋಗುವವರ ಪ್ರವಾಸ ಪಟ್ಟಿಯಲ್ಲೂ ಅದಕ್ಕೆ ಇದೇ ಗತಿ. ಹಿರೋಶಿಮಾ ನೋಡಿದ ಮೇಲೆ ಇನ್ನೊಂದು ಶಾಂತಿ ಉದ್ಯಾನ ಯಾಕೆ ಎಂದು ಕೆಲವರು ಕೈಬಿಡುತ್ತಾರೆ. ಹೋಗುವವರಲ್ಲೂ ಎಷ್ಟೋ ಮಂದಿ ಬೆಳಿಗ್ಗೆ ಫುಕುವೊಕಾದಲ್ಲಿ ರೈಲು ಹತ್ತಿ, ಅಣುಬಾಂಬ್ ವಸ್ತುಸಂಗ್ರಹಾಲಯ ನೋಡಿ, ಸಂಜೆಗೆ ಮರಳುತ್ತಾರೆ. ಈ ಊರಿಗೆ ಎರಡು ದಿನವಾದರೂ ಕೊಡಬೇಕು, ಬಾಂಬ್ ಬಿದ್ದ ಉರಕಾಮಿಯನ್ನು ಕೊನೆಗೆ ನೋಡಬೇಕು ಎಂಬುದು ನನ್ನ ವಾದ. ಬಂದರನ್ನು ಅರಿಯದೆ ಉರಕಾಮಿಗೆ ಹೋದವರಿಗೆ ಅಲ್ಲಿ ಏನು ನಾಶವಾಯಿತು ಎಂಬುದು ಅರ್ಧವಷ್ಟೇ ತಿಳಿಯುತ್ತದೆ.

ಗುಡ್ಡಗಳ ನಡುವೆ ಒಳಕ್ಕೆ ಚಾಚಿದ ಕಿರಿದಾದ, ಆಳವಾದ ಕೊಲ್ಲಿ. ಊರಿನ ಚರಿತ್ರೆಯೆಲ್ಲ ಈ ನೆಲದ ಆಕಾರದಿಂದಲೇ ಹುಟ್ಟಿದ್ದು. 1571ರಲ್ಲಿ ಬಂದರು ಪೋರ್ಚುಗೀಸರಿಗೆ ತೆರೆಯಿತು. ಗೋವಾದಿಂದ ಹೊರಟ ಅವರ ದೊಡ್ಡ ಹಡಗು ಮಕಾವ್‌ನಲ್ಲಿ ಚೀನಾದ ರೇಷ್ಮೆ ತುಂಬಿಕೊಂಡು ಬಂದು ಇಲ್ಲಿಂದ ಬೆಳ್ಳಿ ಒಯ್ಯುತ್ತಿತ್ತು. ಪಾದ್ರಿಗಳೂ ಬಂದರು, ಕ್ರೈಸ್ತ ಧರ್ಮ ಹಬ್ಬಿತು, ಆಳುವವರಿಗೆ ದಿಗಿಲು ಹತ್ತಿತು. 1597ರಲ್ಲಿ ನಿಶಿಜಾಕಾ ಗುಡ್ಡದ ಮೇಲೆ 26 ಮಂದಿ ಕ್ರೈಸ್ತರನ್ನು ಶಿಲುಬೆಗೇರಿಸಲಾಯಿತು. 1636ರಲ್ಲಿ ಪೋರ್ಚುಗೀಸರನ್ನು ಕೂಡಿಹಾಕಲೆಂದೇ ದೆಜಿಮಾ ಎಂಬ ಕೃತಕ ದ್ವೀಪ ಕಟ್ಟಿದರು. ಮೂರು ವರ್ಷದಲ್ಲಿ ಅವರನ್ನು ದೇಶದಿಂದಲೇ ಹೊರಹಾಕಿ, 1641ರಲ್ಲಿ ಡಚ್ಚರನ್ನು ಅಲ್ಲಿ ತಂದಿರಿಸಿದರು. ಅಲ್ಲಿಂದ ಮುಂದೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪಿನೊಂದಿಗೆ ಜಪಾನಿನ ಅಧಿಕೃತ ವ್ಯಾಪಾರವೆಲ್ಲ ನಡೆದದ್ದು ಒಂದೂವರೆ ಹೆಕ್ಟೇರಿನ ಆ ದ್ವೀಪದಲ್ಲಿ. ಬಂಗಾಳದ ರೇಷ್ಮೆ, ಕೋರಮಂಡಲ ತೀರದ ಬಣ್ಣದ ಬಟ್ಟೆ ಇಳಿದದ್ದೂ ಅಲ್ಲೇ. ಯುರೋಪಿನ ವೈದ್ಯಶಾಸ್ತ್ರ ಜಪಾನಿಗರನ್ನು ಮುಟ್ಟಿದ್ದೂ ಅದೇ ಬಾಗಿಲಿನಿಂದ.

ಇಂದಿನ ದೆಜಿಮಾ ಬರೀ ಮರುನಿರ್ಮಾಣವಲ್ಲವೇ ಎಂದು ಕೇಳುವವರಿದ್ದಾರೆ. ಮಾತು ನಿಜ. ಸುತ್ತಲಿನ ಸಮುದ್ರಕ್ಕೆ ಮಣ್ಣು ತುಂಬಿಸಿ ಊರು ಬೆಳೆದಿದೆ. ಕಟ್ಟಡಗಳಲ್ಲಿ ಹೆಚ್ಚಿನವು ಹಳೆಯ ದಾಖಲೆ, ಚಿತ್ರಗಳನ್ನು ನೋಡಿ ಮತ್ತೆ ಕಟ್ಟಿದವು. ಆದರೆ ಅಲ್ಲಿ ನೋಡಬೇಕಾದದ್ದು ಮರವನ್ನಲ್ಲ, ಅಳತೆಯನ್ನು. ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಲು ಕೆಲವೇ ನಿಮಿಷ ಸಾಕು. ವರ್ಷಗಟ್ಟಲೆ ಇಷ್ಟೇ ಜಾಗದಲ್ಲಿ ಬದುಕಿದವರ ಪಾಡು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಕಾಲಿಗೆ ತಿಳಿಯುತ್ತದೆ. ಹಳೆಯ ಮರವೇ ಬೇಕೆನ್ನುವವರಿಗೆ ಚೀನೀ ವರ್ತಕರು 1629ರಲ್ಲಿ ಸ್ಥಾಪಿಸಿದ ಸೋಫುಕುಜಿ ದೇಗುಲವಿದೆ, ಸ್ಕಾಟ್ಲೆಂಡಿನ ವರ್ತಕ ಗ್ಲೋವರ್‌ನ 1863ರ ಮನೆಯಿದೆ. ಇವು ಇಂದಿಗೂ ನಿಂತಿರುವುದು ಹೇಗೆ ಎಂಬ ಪ್ರಶ್ನೆಯೇ ನಮ್ಮನ್ನು ಉರಕಾಮಿಗೆ ಒಯ್ಯುತ್ತದೆ.

1945ರ ಆಗಸ್ಟ್ 9ರಂದು ಅಣುಬಾಂಬ್ ಹೊತ್ತ ಅಮೆರಿಕದ ವಿಮಾನದ ಮೊದಲ ಗುರಿ ಕೊಕುರಾ ನಗರ. ಅಲ್ಲಿ ನೆಲ ಕಾಣದೆ ಅದು ಇತ್ತ ತಿರುಗಿತು. ಇಲ್ಲಿ ಗುರಿಯಿಟ್ಟದ್ದು ಬಂದರಿನ ಪಕ್ಕದ ಹಳೇ ಪೇಟೆಗೆ. ಮೋಡ ಕವಿದಿದ್ದರಿಂದ ಬಾಂಬ್ ಸುಮಾರು ಮೂರು ಕಿಲೋಮೀಟರ್ ಆಚೆ, ಉರಕಾಮಿ ಕಣಿವೆಯ ಮೇಲೆ, 11 ಗಂಟೆ 2 ನಿಮಿಷಕ್ಕೆ ಸಿಡಿಯಿತು. ಹಿರೋಶಿಮಾದ್ದಕ್ಕಿಂತ ಪ್ರಬಲ ಬಾಂಬ್ ಅದು. ನಡುವಿನ ಗುಡ್ಡಗಳು ಹಳೇ ಪೇಟೆಯ ಬಹುಭಾಗವನ್ನು ಕಾಪಾಡಿದವು, ಕಣಿವೆ ಉರಿದುಹೋಯಿತು. ವರ್ಷ ಮುಗಿಯುವುದರೊಳಗೆ ಸತ್ತವರು ಅಂದಾಜು 70 ಸಾವಿರಕ್ಕೂ ಹೆಚ್ಚು. ಆ ಕಣಿವೆಯಲ್ಲಿದ್ದವರು ಯಾರು? ಅವರಲ್ಲಿ ಬಹಳ ಮಂದಿ, ಕ್ರೈಸ್ತ ಧರ್ಮಕ್ಕೆ ನಿಷೇಧವಿದ್ದ ಇನ್ನೂರೈವತ್ತು ವರ್ಷ ಗುಟ್ಟಾಗಿ ಕ್ರೈಸ್ತರಾಗಿಯೇ ಉಳಿದ ರೈತರ ಸಂತತಿ. 1865ರಲ್ಲಿ ಬಂದರಿನ ಬಳಿ ಹೊಸದಾಗಿ ಎದ್ದ ಓಉರಾ ಚರ್ಚಿಗೆ ಬಂದು ತಮ್ಮ ನಂಬಿಕೆಯನ್ನು ಫ್ರೆಂಚ್ ಪಾದ್ರಿಗೆ ತಿಳಿಸಿದವರು ಆ ರೈತರೇ. ಅದಕ್ಕೆ ದಂಡವಾಗಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಗಡೀಪಾರಾದರು. 1873ರಲ್ಲಿ ನಿಷೇಧ ತೆರವಾದ ಮೇಲೆ ಮರಳಿ ಬಂದವರು ಇಟ್ಟಿಗೆಯ ದೊಡ್ಡ ಚರ್ಚು ಕಟ್ಟಿದರು. ಬಾಂಬ್ ಸಿಡಿದದ್ದು ಅದಕ್ಕೆ ಅರ್ಧ ಕಿಲೋಮೀಟರ್ ದೂರದಲ್ಲಿ. ನಿಶಿಜಾಕಾ, ಓಉರಾ ನೋಡಿ ಬಂದವರಿಗೆ ಮಾತ್ರ ಉರಕಾಮಿ ಚರ್ಚಿನ ಉಳಿದ ಕಲ್ಲುಗಳ ಹಿಂದಿನ ಕಾಲ ಕಾಣುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಅಷ್ಟು ಜನ ಸತ್ತ ಜಾಗವನ್ನು ಬಿಟ್ಟು ಮೊದಲು ಚಂಪೋನ್ ನೂಡಲ್ಸ್, ಹಳೇ ಬಂಗಲೆ ಎಂದು ಸುತ್ತುವುದು ಅಗೌರವವಲ್ಲವೇ? ನನಗೆ ಹಾಗನ್ನಿಸುವುದಿಲ್ಲ. ಸತ್ತವರು ಬಾಳಿದ ಊರನ್ನು ತಿಳಿಯುವುದೂ ಅವರಿಗೆ ಸಲ್ಲಿಸುವ ಗೌರವವೇ. ಜೊತೆಗೆ, ಈ ಊರು ಗುರಿಯಾದದ್ದೇಕೆ ಎಂಬುದಕ್ಕೂ ಬಂದರೇ ಉತ್ತರ. ಕೊಲ್ಲಿಯ ಆಚೆ ದಡದಲ್ಲಿ ಮಿತ್ಸುಬಿಷಿ ಹಡಗುಕಟ್ಟೆಯ 1909ರ ಕ್ರೇನ್ ಇವತ್ತಿಗೂ ನಿಂತಿದೆ. ಮುಸಾಶಿ ಯುದ್ಧನೌಕೆ ಕಟ್ಟಿದ್ದು ಆ ಹಡಗುಕಟ್ಟೆಯಲ್ಲಿ. ಟಾರ್ಪೆಡೊ ತಯಾರಾದದ್ದು ಉರಕಾಮಿಯ ಕಾರ್ಖಾನೆಯಲ್ಲಿ. ಬಲವಂತದ ದುಡಿಮೆಗೆ ತಂದ ಕೊರಿಯನ್ನರೂ ಸತ್ತವರಲ್ಲಿದ್ದರು. ಇದನ್ನೆಲ್ಲ ಕಂಡ ಮೇಲೆ ವಸ್ತುಸಂಗ್ರಹಾಲಯದಲ್ಲಿ ಮರುಕದ ಜೊತೆಗೆ ಪ್ರಶ್ನೆಗಳೂ ಏಳುತ್ತವೆ, ಏಳಬೇಕು.

ದೂರದ ನೆಪ ಈಗ ನಡೆಯದು. 2022ರಿಂದ ತಾಕೆಯೊ-ಓನ್ಸೆನ್‌ನಲ್ಲಿ ಎದುರಿಗೇ ನಿಂತ ಶಿಂಕಾನ್ಸೆನ್‌ಗೆ ಬದಲಿಸಿದರೆ ಫುಕುವೊಕಾದ ಹಕಾತಾ ನಿಲ್ದಾಣದಿಂದ ಸುಮಾರು ಒಂದೂವರೆ ಗಂಟೆ. ಊರೊಳಗೆ 1915ರಿಂದ ಓಡುತ್ತಿರುವ ಟ್ರಾಮ್ ಇದೆ. ಗ್ಲೋವರ್ ಗುಡ್ಡಕ್ಕೆ ಇಳಿಜಾರಿನ ಲಿಫ್ಟ್ ಇರುವುದರಿಂದ ಮಂಡಿನೋವಿನವರೂ ಹಿಂಜರಿಯಬೇಕಿಲ್ಲ. ಮೊದಲ ದಿನ ದೆಜಿಮಾ, ಸೋಫುಕುಜಿ, ಓಉರಾ. ಎರಡನೆಯ ದಿನ ಬೆಳಿಗ್ಗೆ ನಿಶಿಜಾಕಾ, ಆಮೇಲೆ ಉರಕಾಮಿ. ವಸ್ತುಸಂಗ್ರಹಾಲಯಕ್ಕೆ ಎರಡು ಗಂಟೆಯಾದರೂ ಇಟ್ಟುಕೊಳ್ಳಿ; ಅಲ್ಲಿಂದ ನೇರ ರೈಲಿಗೆ ಓಡುವ ಹಾಗೆ ಮಾತ್ರ ಟಿಕೆಟ್ ಕಾದಿರಿಸಬೇಡಿ.