ಪೊರಕೆ ಹಿಡಿದವರು, ಊರು ಬಿಟ್ಟವರು

ಜೇಮ್ಸ್ ಕೆರ್ ಬರೆದ ‘ಲೆಗಸಿ’ (2013) ರಗ್ಬಿಯ ಪುಸ್ತಕ. ಆದರೆ ಅದನ್ನು ರಗ್ಬಿಗಾಗಿ ಓದಿದವರು ನನಗೆ ಹೆಚ್ಚು ಸಿಕ್ಕಿಲ್ಲ. ನನಗೆ ಅದನ್ನು ಕೊಟ್ಟ ಗೆಳೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರು. ರಗ್ಬಿ ತಂಡದಲ್ಲಿ ಎಷ್ಟು ಜನ ಆಡುತ್ತಾರೆಂಬುದೂ ಅವನಿಗೆ ಗೊತ್ತಿರಲಿಲ್ಲ. (ಒಂದು ಕಡೆಗೆ 15 ಜನ.) ನ್ಯೂಜಿಲೆಂಡಿನ ರಾಷ್ಟ್ರೀಯ ತಂಡವಾದ ಆಲ್ ಬ್ಲ್ಯಾಕ್ಸ್‌ನಿಂದ ನಾಯಕತ್ವದ 15 ಪಾಠಗಳನ್ನು ಹೆಕ್ಕಿ ಕೊಡುವುದು ಪುಸ್ತಕದ ಉದ್ದೇಶ. ಪಂದ್ಯ ಮುಗಿದ ಮೇಲೆ ಜಗತ್ಪ್ರಸಿದ್ಧ ಆಟಗಾರರೇ ಪೊರಕೆ ಹಿಡಿದು ತಮ್ಮ ಡ್ರೆಸಿಂಗ್ ರೂಮನ್ನು ಗುಡಿಸುತ್ತಾರೆ ಎಂಬ ಚಿತ್ರದಿಂದ ಅದು ಶುರುವಾಗುತ್ತದೆ. ಒಳ್ಳೆಯ ಚಿತ್ರ, ಒಮ್ಮೆ ಓದಿದರೆ ಮರೆಯುವುದಿಲ್ಲ. ಮುಂದಿನ ಪುಟಗಳಲ್ಲಿ ಮಾವೊರಿ ಗಾದೆಗಳು, ಉದ್ಯಮಿಗಳ ಮಾತುಗಳು, ಹಳೆಯ ಕೋಚ್‌ಗಳ ನೆನಪುಗಳು ಒಂದರ ಮೇಲೊಂದು ಬರುತ್ತವೆ. ಓದಿಸಿಕೊಂಡು ಹೋಗುವ ಗುಣಕ್ಕೇನೂ ಕೊರತೆಯಿಲ್ಲ.

ನನ್ನ ತಕರಾರು ಬೇರೆ. ಸುಮಾರು 50 ಲಕ್ಷ ಜನರಿರುವ ದೇಶವೊಂದು ಆಟವನ್ನು ಹೊಸದಾಗಿ ಯೋಚಿಸಬಲ್ಲ ಇಷ್ಟೊಂದು ಕೋಚ್‌ಗಳನ್ನು ಹೇಗೆ ಬೆಳೆಸುತ್ತದೆ, ಬೆಳೆಸಿದ ಮೇಲೆ ಹೇಗೆ ಉಳಿಸಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಈ ಪುಸ್ತಕ ಉದ್ದಕ್ಕೂ ಹೊತ್ತು ತಿರುಗುತ್ತದೆ. ಅದಕ್ಕೆ ಕೆರ್ ಕೊಡುವ ಉತ್ತರ ‘ಸಂಸ್ಕೃತಿ’. ಮನೆಯ ವಾತಾವರಣ ಸರಿಯಿದ್ದರೆ ಮಕ್ಕಳು ಸರಿಯಾಗಿ ಬೆಳೆಯುತ್ತಾರೆ ಎಂಬಂಥ ಉತ್ತರ ಅದು. ಆದರೆ ಅವರು ಬರೆಯುತ್ತಿರುವ ಅದೇ ವರ್ಷಗಳ ಚರಿತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ, ಕಥೆ ಮನೆಯೊಳಗಿಗಿಂತ ಹೊಸಿಲಿನಲ್ಲೇ ಹೆಚ್ಚು ನಡೆದಿದೆ. ಯಾರು ಹೊರಗೆ ಹೋದರು, ಯಾರನ್ನು ವಾಪಸು ಕರೆದರು, ಯಾರನ್ನು ಕರೆಯಲಿಲ್ಲ ಎಂಬುದೇ ಅಲ್ಲಿನ ಮುಖ್ಯ ಸಂಗತಿ.

ರಗ್ಬಿ ಯೂನಿಯನ್ ಅಧಿಕೃತವಾಗಿ ವೃತ್ತಿಪರ ಆಟವಾದದ್ದು 1995ರಲ್ಲಿ. ಅದುವರೆಗೆ ಕೋಚ್‌ಗಳು ಶಾಲಾ ಮೇಷ್ಟ್ರುಗಳೋ ಪೊಲೀಸರೋ ಆಗಿದ್ದು ಸಂಜೆ ಹೊತ್ತು ಮೈದಾನಕ್ಕೆ ಬರುತ್ತಿದ್ದರು. ಸಂಬಳ ಶುರುವಾದೊಡನೆ ಯೂರೋಪು ಅವರನ್ನು ಕೊಳ್ಳತೊಡಗಿತು. ಹೈಸ್ಕೂಲಿನ ಹೆಡ್‌ಮಾಸ್ತರರಾಗಿದ್ದ ಗ್ರಹಾಂ ಹೆನ್ರಿ 1996 ಮತ್ತು 1997ರಲ್ಲಿ ಆಕ್ಲೆಂಡಿನ ಬ್ಲೂಸ್ ತಂಡಕ್ಕೆ ಸೂಪರ್ ರಗ್ಬಿ ಪ್ರಶಸ್ತಿ ಗೆಲ್ಲಿಸಿಕೊಟ್ಟು, 1998ರಲ್ಲಿ ವೇಲ್ಸ್ ದೇಶದ ಕೋಚ್ ಆಗಿ ಹೊರಟರು. ನ್ಯೂಜಿಲೆಂಡ್ ಮಂಡಳಿಗೆ ಸಿಟ್ಟು ಬಂತು. ಬೇರೆ ದೇಶದ ತಂಡಕ್ಕೆ ಕೋಚ್ ಆದವರು ಆಲ್ ಬ್ಲ್ಯಾಕ್ಸ್‌ನ ಕೋಚ್ ಆಗುವಂತಿಲ್ಲ ಎಂದು ನಿಯಮ ಮಾಡಿತು. ಜನ ಅದನ್ನು ‘ಹೆನ್ರಿ ಕಲಮು’ ಎಂದೇ ಕರೆದರು. ಪ್ರತಿಭೆಯನ್ನು ಉಳಿಸಿಕೊಳ್ಳಲು ಸಂಸ್ಥೆಗಳಿಗೆ ಮೊದಲು ಹೊಳೆಯುವ ಉಪಾಯ ಬೇಲಿ.

ಬೇಲಿ ಬಹಳ ದಿನ ನಿಲ್ಲಲಿಲ್ಲ. 2003ರ ವಿಶ್ವಕಪ್ಪಿನ ಸೆಮಿಫೈನಲ್ಲಿನಲ್ಲಿ ಸೋತ ಮೇಲೆ ಜಾನ್ ಮಿಚೆಲ್ ಅವರನ್ನು ಬದಲಿಸಿ ಅದೇ ಹೆನ್ರಿಯನ್ನು ಕೂರಿಸಿದರು. ಹೆನ್ರಿ ತಮ್ಮ ಜೊತೆಗೆ ತಂದುಕೊಂಡ ಇಬ್ಬರನ್ನು ನೋಡಿ. ಸ್ಟೀವ್ ಹ್ಯಾನ್ಸನ್, ಮಾಜಿ ಪೊಲೀಸ್, ವೇಲ್ಸ್‌ನಲ್ಲಿ ಹೆನ್ರಿಯ ಜಾಗಕ್ಕೆ ಬಂದವರು. 2003ರ ಸಿಕ್ಸ್ ನೇಷನ್ಸ್‌ನಲ್ಲಿ ಅವರ ತಂಡ ಐದಕ್ಕೆ ಐದೂ ಪಂದ್ಯ ಸೋತಿತ್ತು, ಇಟಲಿಗೂ ಸೋತಿತ್ತು. ಇನ್ನೊಬ್ಬರು ವೇನ್ ಸ್ಮಿತ್, ಇಂಗ್ಲೆಂಡಿನ ನಾರ್ತ್‌ಹ್ಯಾಂಪ್ಟನ್ ಕ್ಲಬ್ಬಿನಲ್ಲಿದ್ದವರು. 2011ರಲ್ಲಿ 24 ವರ್ಷಗಳ ಬಳಿಕ ವಿಶ್ವಕಪ್ ಗೆದ್ದುಕೊಟ್ಟ ಮೂವರೂ ಹೊರಗೆ ಹೋಗಿ, ಹೊರಗೆ ಪೆಟ್ಟು ತಿಂದು, ತಿರುಗಿ ಬಂದವರು. ನಿಯಮ ಜಾರಿಯಲ್ಲೇ ಇದ್ದಿದ್ದರೆ ಹೆನ್ರಿ ಆ ಕುರ್ಚಿಯಲ್ಲಿ ಕೂರುವಂತೆಯೇ ಇರಲಿಲ್ಲ. ಅವರ ನಂತರ ಬಂದ ಹ್ಯಾನ್ಸನ್ ಕೂಡ. ‘ಲೆಗಸಿ’ ಓದಿದವರಿಗೆ ಈ ಗುಂಪು ಕಪ್ಪು ಜೆರ್ಸಿಯ ಪರಂಪರೆಯಿಂದ ತಾನಾಗಿ ಅರಳಿದಂತೆ ತೋರುತ್ತದೆ. ಪರಂಪರೆಯ ಪಾತ್ರ ಇಲ್ಲವೆಂದಲ್ಲ. ಆದರೆ ಆ ಮೂವರ ಕೈಗೆ ಕೆಲಸ ಕಲಿಸಿದ್ದರಲ್ಲಿ ಕಾರ್ಡಿಫ್‌ನ ಮಳೆಗೂ ಒಂದು ಪಾಲಿದೆ.

ಪುಸ್ತಕದ ನಿರೂಪಣೆ 2004ರ ಬಿಕ್ಕಟ್ಟಿನಿಂದ 2011ರ ಗೆಲುವಿನವರೆಗೆ ಏರುವ ಗೆರೆ. ನಡುವೆ 2007 ಇದೆ. ಕಾರ್ಡಿಫ್‌ನಲ್ಲಿ ನಡೆದ ಕ್ವಾರ್ಟರ್ ಫೈನಲ್ಲಿನಲ್ಲಿ ಫ್ರಾನ್ಸ್ 20-18ರಿಂದ ಗೆದ್ದಿತು. ವಿಶ್ವಕಪ್ಪುಗಳಲ್ಲಿ ಆಲ್ ಬ್ಲ್ಯಾಕ್ಸ್ ಅಷ್ಟು ಬೇಗ ಮನೆಗೆ ಹೋದದ್ದು ಅದೇ ಮೊದಲು. ಕೆರ್ ಈ ಸೋಲನ್ನು ಮನಸ್ಸಿನ ಪಾಠವಾಗಿ ಓದುತ್ತಾರೆ: ಒತ್ತಡದಲ್ಲಿ ತಲೆ ಬಿಸಿಯಾಗುವುದು, ತಣ್ಣಗಿಡುವುದು ಇತ್ಯಾದಿ. ನನಗೆ ಅಲ್ಲಿ ಕಾಣುವ ನಿಜವಾದ ನಾಟಕ ಎರಡು ತಿಂಗಳ ನಂತರದ್ದು. ಆ ಡಿಸೆಂಬರಿನಲ್ಲಿ ಮಂಡಳಿಯ ಮುಂದೆ ಎರಡು ಹೆಸರಿದ್ದವು. ಒಂದು, ಸೋತು ಬಂದ ಹೆನ್ರಿ. ಇನ್ನೊಂದು, ಕ್ರೈಸ್ಟ್‌ಚರ್ಚಿನ ಕ್ರುಸೇಡರ್ಸ್ ತಂಡಕ್ಕೆ ಅಷ್ಟರಲ್ಲಿ ನಾಲ್ಕು ಪ್ರಶಸ್ತಿ ಗೆಲ್ಲಿಸಿದ್ದ ರಾಬಿ ಡೀನ್ಸ್. ವಿಶ್ವಕಪ್ ಸೋತ ಕೋಚನ್ನು ಹಾಗೆ ಉಳಿಸಿಕೊಂಡ ಪದ್ಧತಿ ಆ ದೇಶದಲ್ಲಿ ಇರಲಿಲ್ಲ. ಜನಾಭಿಪ್ರಾಯ ಬಲವಾಗಿ ಡೀನ್ಸ್ ಕಡೆ ವಾಲಿತ್ತು. ಮಂಡಳಿ ಹೆನ್ರಿಯನ್ನೇ ಉಳಿಸಿಕೊಂಡಿತು.

ಡೀನ್ಸ್ ಕೆಲವೇ ದಿನಗಳಲ್ಲಿ ಆಸ್ಟ್ರೇಲಿಯಾದ ಕೋಚ್ ಆದರು. 2008ರ ಜುಲೈನಲ್ಲಿ ಸಿಡ್ನಿಯಲ್ಲಿ ಹೆನ್ರಿಯ ತಂಡದೆದುರು ಮೊದಲ ಸಲ ನಿಂತಾಗ 34-19ರಿಂದ ಗೆದ್ದರು. 2011ರಲ್ಲಿ, ವಿಶ್ವಕಪ್ಪಿಗೆ ಕೆಲವೇ ವಾರ ಮುಂಚೆ, ಬ್ರಿಸ್ಬೇನ್‌ನಲ್ಲಿ ಮತ್ತೆ ಗೆದ್ದು ಟ್ರೈ ನೇಷನ್ಸ್ ಕಪ್ಪನ್ನೂ ಒಯ್ದರು. ಅಂದರೆ ಒಬ್ಬರನ್ನು ಉಳಿಸಿಕೊಳ್ಳುವ ನಿರ್ಧಾರವೇ ಇನ್ನೊಬ್ಬರನ್ನು ಕಳೆದುಕೊಳ್ಳುವ ನಿರ್ಧಾರ ಕೂಡ. ಕಳೆದುಹೋದವರು ಸುಮ್ಮನೆ ಮನೆಯಲ್ಲಿ ಕೂರುವುದಿಲ್ಲ. ವೃತ್ತಿಪರ ರಗ್ಬಿಯಲ್ಲಿ ದೇಶಕ್ಕೊಂದೇ ರಾಷ್ಟ್ರೀಯ ತಂಡ, ತಂಡಕ್ಕೊಂದೇ ಮುಖ್ಯ ಕುರ್ಚಿ. ಆ ಗಣಿತವನ್ನು ಯಾವ ಸಂಸ್ಕೃತಿಯೂ ಬದಲಿಸಲಾರದು. ಪೊರಕೆಯ ಬಗ್ಗೆ ಅಷ್ಟು ಸೊಗಸಾಗಿ ಬರೆಯುವ ಕೆರ್ ಈ ಕುರ್ಚಿಯ ಬಗ್ಗೆ ಇನ್ನಷ್ಟು ಬರೆದಿದ್ದರೆ ಅದು ಬೇರೆಯೇ ಪುಸ್ತಕವಾಗುತ್ತಿತ್ತು. ಬಹುಶಃ ಕಡಿಮೆ ಮಾರಾಟವಾಗುವ ಪುಸ್ತಕ.

ಉಳಿಸಿಕೊಂಡ ಹೆನ್ರಿಗೂ ದಾರಿ ಸಲೀಸಾಗಿರಲಿಲ್ಲ. 2009ರಲ್ಲಿ ದಕ್ಷಿಣ ಆಫ್ರಿಕಾ ಒಂದೇ ವರ್ಷ ಮೂರು ಸಲ ಅವರನ್ನು ಸೋಲಿಸಿತು. ಆಮೇಲೆ ಮೂವರು ಕೋಚ್‌ಗಳೂ ತಮ್ಮ ತಮ್ಮ ಜವಾಬ್ದಾರಿಗಳನ್ನು ಅದಲುಬದಲು ಮಾಡಿಕೊಂಡರು. ಐವತ್ತು ದಾಟಿದ ಗಂಡಸರು ತಾವು ಹೆಸರು ಮಾಡಿದ ಕೆಲಸವನ್ನು ಬಿಟ್ಟು ಪಕ್ಕದವನ ಕೆಲಸವನ್ನು ಹೊಸಬರಂತೆ ಕಲಿಯುವುದು ಸಣ್ಣ ಮಾತಲ್ಲ. ಹೊಸತನ ಅಂದರೆ ನಮಗೆ ಕಣ್ಣು ಕುಕ್ಕುವ ತಂತ್ರ ನೆನಪಾಗುತ್ತದೆ. ನನಗಂತೂ ಆ ಏಳು ವರ್ಷಗಳಲ್ಲಿ ಅವರು ಮಾಡಿದ ಅತಿ ಧೈರ್ಯದ ಪ್ರಯೋಗ ಇದೇ ಅನ್ನಿಸುತ್ತದೆ.

ಇನ್ನು 2011ರ ಫೈನಲ್. ಅಂಕ 8-7. ನ್ಯೂಜಿಲೆಂಡಿನ ಏಕೈಕ ಟ್ರೈ ಬಂದದ್ದು ಹ್ಯಾನ್ಸನ್ ಎತ್ತಿಟ್ಟುಕೊಂಡಿದ್ದ ‘ಟೀ ಬ್ಯಾಗ್’ ಎಂಬ ಗುಟ್ಟಿನ ನಡೆಯಿಂದ. ಗೆರೆಯಾಚೆ ಹೋದ ಚೆಂಡನ್ನು ಮತ್ತೆ ಒಳಗೆ ಎಸೆಯುವಾಗ ಎರಡೂ ತಂಡಗಳು ಎದುರುಬದುರು ಸಾಲು ನಿಲ್ಲುತ್ತವೆ, ಅದಕ್ಕೆ ಲೈನ್‌ಔಟ್ ಎನ್ನುತ್ತಾರೆ. ಆ ಸಾಲಿನ ನಡುವೆ ಬಾಗಿಲಿನಂತೆ ತೆರೆದ ಸಂದಿಯಲ್ಲಿ ಟೋನಿ ವುಡ್‌ಕಾಕ್ ನುಗ್ಗಿ ಹೋದರು. ಉಳಿದ ಮೂರು ಅಂಕ ಸ್ಟೀಫನ್ ಡೊನಾಲ್ಡ್ ಅವರದು. ಮುಂದಿನವರೆಲ್ಲ ಗಾಯಗೊಂಡಿದ್ದರಿಂದ, ಮೀನು ಹಿಡಿಯಲು ಹೋಗಿದ್ದವರನ್ನು ಫೋನ್ ಮಾಡಿ ಕರೆಸಿಕೊಂಡ ಆಟಗಾರ ಅವರು. ಕೊನೆಯ ಭಾಗದಲ್ಲಿ ಫ್ರಾನ್ಸಿನ ತ್ರಾನ್-ದುಕ್ ದೂರದಿಂದ ಒದ್ದ ಪೆನಾಲ್ಟಿ ಗುರಿ ತಪ್ಪಿತು. ಅದು ಒಳಗೆ ಹೋಗಿದ್ದರೆ ಹೆನ್ರಿಯನ್ನು ಉಳಿಸಿಕೊಂಡದ್ದು ಮಹಾ ಪ್ರಮಾದವೆಂದು ದಾಖಲಾಗುತ್ತಿತ್ತು, ಗುಡಿಸುವ ಪೊರಕೆ ಬರೀ ಪೊರಕೆಯಾಗಿ ಉಳಿಯುತ್ತಿತ್ತು, ‘ಲೆಗಸಿ’ ಹೀಗೆ ಹುಟ್ಟುತ್ತಿರಲಿಲ್ಲ. ಗೆದ್ದವರ ಅಭ್ಯಾಸಗಳನ್ನೆಲ್ಲ ಗೆಲುವಿನ ಕಾರಣಗಳೆಂದು ಓದುವ ಈ ಪ್ರಕಾರದ ದೌರ್ಬಲ್ಯ ಆ ಒಂದು ಅಂಕದಲ್ಲಿದೆ. ಪುರಾಣ ಓದಿ ಬೆಳೆದ ನಮಗೆ ಫಲಶ್ರುತಿ ಹೊಸದಲ್ಲ. ಆದರೆ ಪುರಾಣಕಾರ ಫಲಶ್ರುತಿಯನ್ನು ಕೊನೆಗೆ ಇಡುತ್ತಾನೆ. ಇಲ್ಲಿ ಪ್ರತಿ ಅಧ್ಯಾಯವೂ ಫಲಶ್ರುತಿಯೇ.

ಮೂವರಲ್ಲಿ ನನಗೆ ಹೆಚ್ಚು ಕಾಡುವವರು ವೇನ್ ಸ್ಮಿತ್. 1998, 1999ರಲ್ಲಿ ಕ್ರುಸೇಡರ್ಸ್‌ಗೆ ಪ್ರಶಸ್ತಿ ತಂದು, 2000ದಲ್ಲಿ ಆಲ್ ಬ್ಲ್ಯಾಕ್ಸ್‌ನ ಮುಖ್ಯ ಕೋಚ್ ಆದರು. 2001ರಲ್ಲಿ ಸಿಡ್ನಿಯಲ್ಲಿ ಕೊನೆ ಗಳಿಗೆಯ ಟ್ರೈನಿಂದ 29-26ರ ಸೋಲು. ಆ ಋತುವಿನ ಕೊನೆಯಲ್ಲಿ ಸ್ಮಿತ್, ಈ ಕೆಲಸಕ್ಕೆ ತಾನೇ ಸರಿಯಾದವನೋ ಅಲ್ಲವೋ ಎಂಬ ಅನುಮಾನವನ್ನು ಮಂಡಳಿಯೆದುರು ಬಾಯಿಬಿಟ್ಟು ಹೇಳಿದರು. ಮಂಡಳಿ ಹುದ್ದೆಗೆ ಅರ್ಜಿ ಕರೆಯಿತು. ಸ್ಮಿತ್ ಮನಸ್ಸು ಬದಲಿಸಿ ತಾವೂ ಅರ್ಜಿ ಹಾಕಿದರು, ಕೆಲಸ ಮಿಚೆಲ್ ಪಾಲಾಯಿತು. ಹೊಸದಾಗಿ ಯೋಚಿಸುವವನಿಗೆ ಅನುಮಾನ ಕಸುಬಿನ ಸಲಕರಣೆ. ಅದನ್ನು ಕಂಡು ಸಂಸ್ಥೆ ಗಾಬರಿಯಾಯಿತು, ಅಷ್ಟೇ. ಸಂದರ್ಶನದಲ್ಲಿ ಆತ್ಮವಿಶ್ವಾಸಕ್ಕೆ ಅಂಕ ಕೊಡುವ ಎಲ್ಲ ಕಡೆಯೂ ಇದೇ ಕಥೆ. ವಿನಯವನ್ನು ದೊಡ್ಡ ಮೌಲ್ಯವೆಂದು ಹೊಗಳುವ ‘ಲೆಗಸಿ’ಯ ಓದುಗರು ಒಂದು ಮಾತು ನೆನಪಿಡಬೇಕು: ಆ ಸಂಸ್ಥೆಯಲ್ಲೇ ಒಬ್ಬನ ವಿನಯಕ್ಕೆ ಒಮ್ಮೆ ಅವನ ಕೆಲಸವೇ ಬೆಲೆಯಾಗಿತ್ತು.

ಸ್ಮಿತ್ ಮತ್ತೆಂದೂ ಆಲ್ ಬ್ಲ್ಯಾಕ್ಸ್‌ನ ಮುಖ್ಯ ಕೋಚ್ ಆಗಲಿಲ್ಲ. ಸಹಾಯಕನಾಗಿಯೇ 2011 ಮತ್ತು 2015ರ ವಿಶ್ವಕಪ್ಪುಗಳಲ್ಲಿ ಪಾಲುದಾರರಾದರು. ಕೆರ್ ಪುಸ್ತಕ ಬಂದ ಎಷ್ಟೋ ವರ್ಷಗಳ ನಂತರ, 2022ರ ಏಪ್ರಿಲ್‌ನಲ್ಲಿ, ಮಹಿಳಾ ತಂಡ ಬ್ಲ್ಯಾಕ್ ಫರ್ನ್ಸ್ ಅವರ ಕೈಗೆ ಬಂತು. ಹಿಂದಿನ ವರ್ಷ ಯೂರೋಪ್ ಪ್ರವಾಸದಲ್ಲಿ ಆ ತಂಡ ಇಂಗ್ಲೆಂಡ್, ಫ್ರಾನ್ಸ್ ವಿರುದ್ಧ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತಿತ್ತು. ಹಿಂದಿನ ಕೋಚ್ ರಾಜೀನಾಮೆ ಕೊಟ್ಟಿದ್ದರು. ವಿಶ್ವಕಪ್ಪಿಗೆ ಆರು ತಿಂಗಳು. ಇಂಗ್ಲೆಂಡಿನ ಬಲ ಗುಂಪುಗೂಡಿ ತಳ್ಳುವ ಆಟದಲ್ಲಿತ್ತು, ಅದಕ್ಕೆ ಮಾಲ್ ಎನ್ನುತ್ತಾರೆ. ಅದೇ ಆಟದಲ್ಲಿ ಅವರಿಗೆ ಸಾಟಿಯಾಗುವಷ್ಟು ಸಮಯ ಇರಲಿಲ್ಲ. ಸ್ಮಿತ್ ಆಟವನ್ನೇ ಬೇರೆ ಕಡೆ ಎಳೆದರು. ಚೆಂಡನ್ನು ನಿಲ್ಲಿಸಬೇಡಿ, ಬೀಳುವಾಗಲೂ ಪಕ್ಕದವಳಿಗೆ ದಾಟಿಸಿ, ಕಸಿದುಕೊಂಡ ಕೂಡಲೇ ಓಡಿ ಎಂಬುದು ಅವರ ದಾರಿ. ನೆರವಿಗೆ ಯಾರನ್ನು ಕರೆದರು? ಹಳೆಯ ಬಾಸ್ ಗ್ರಹಾಂ ಹೆನ್ರಿಯನ್ನು, ಸ್ಕ್ರಮ್ ಪಂಡಿತ ಮೈಕ್ ಕ್ರಾನ್ ಅವರನ್ನು.

2022ರ ನವೆಂಬರ್ 12, ಈಡನ್ ಪಾರ್ಕ್. ಸತತ 30 ಪಂದ್ಯ ಗೆದ್ದು ಬಂದಿದ್ದ ಇಂಗ್ಲೆಂಡ್, 18ನೇ ನಿಮಿಷದಿಂದ ಒಬ್ಬಳು ಕಡಿಮೆಯಿದ್ದರೂ, ಕೊನೆಯವರೆಗೂ ಸೋಲೊಪ್ಪಲಿಲ್ಲ. 34-31. ಕೊನೆಯ ಲೈನ್‌ಔಟ್ ನ್ಯೂಜಿಲೆಂಡಿನ ಗೋಲ್ ಗೆರೆಯ ಹತ್ತಿರವೇ ಸಿಕ್ಕಿತು, ಎಸೆತ ಇಂಗ್ಲೆಂಡಿನದು. ಇಡೀ ಸಂಜೆ ಅವರು ಅಂಕ ಗಳಿಸಿದ್ದ ಜಾಗ ಅದು. ನೆಲದ ಮೇಲೆ ಕಾದು ನಿಂತು ಮಾಲನ್ನು ತಡೆಯುವುದು ಸಂಪ್ರದಾಯ; ಕಪ್ಪು ಜೆರ್ಸಿಯವರು ಮೇಲಕ್ಕೆ ಹಾರಿದರು. ಜೋಆನಾ ಙಾನ್-ವು ಚೆಂಡಿಗೆ ಕೈ ಹಾಕಿ ಅದನ್ನು ಕೆಡಿಸಿದರು. ಸ್ಮಿತ್ ಆಗ 65 ವರ್ಷದವರು, ಅವರು ಆ ತಂಡದೊಂದಿಗೆ ಇದ್ದದ್ದು ಅಷ್ಟೇ ದಿನ. ‘ಲೆಗಸಿ’ಗೆ ಮುಂದಿನ ಭಾಗ ಬರೆಯುವವರಿದ್ದರೆ ಈ ಏಳು ತಿಂಗಳಿಂದ ಶುರುಮಾಡಬೇಕು, ಪುರುಷರ ಡ್ರೆಸಿಂಗ್ ರೂಮಿನಿಂದಲ್ಲ.

ಹೊರಗೆ ಹೋದವರ ಸಾಲು ಇನ್ನೂ ಉದ್ದವಿದೆ. ವೇಲ್ಸ್‌ಗೆ ವಾರನ್ ಗ್ಯಾಟ್‌ಲ್ಯಾಂಡ್. ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಜೋ ಶ್ಮಿಟ್ ಐರ್ಲೆಂಡಿಗೆ. 2016ರಲ್ಲಿ ಶಿಕಾಗೋದಲ್ಲಿ ಅವರ ತಂಡ 111 ವರ್ಷಗಳಲ್ಲಿ ಮೊದಲ ಸಲ ಆಲ್ ಬ್ಲ್ಯಾಕ್ಸ್ ಅನ್ನು ಸೋಲಿಸಿತು. 2022ರಲ್ಲಿ ಶ್ಮಿಟ್ ಅವರನ್ನು ತಮ್ಮ ಕೋಚಿಂಗ್ ಬಳಗಕ್ಕೆ ಸೇರಿಸಿಕೊಂಡದ್ದೂ ಅದೇ ಆಲ್ ಬ್ಲ್ಯಾಕ್ಸ್. ಬಾಗಿಲು ಆಗಾಗ ತೆರೆದಿದೆ, ಅದನ್ನು ಒಪ್ಪಬೇಕು.

ಎಲ್ಲರಿಗೂ ತೆರೆದಿಲ್ಲ. ಆಲ್ ಬ್ಲ್ಯಾಕ್ಸ್‌ಗೆ 18 ಟೆಸ್ಟ್ ಆಡಿದ ಟೋನಿ ಬ್ರೌನ್, ಜೇಮಿ ಜೋಸೆಫ್ ಜೊತೆ ಜಪಾನಿನ ದಾಳಿಯನ್ನು ಕಟ್ಟಿದವರು. 2019ರ ವಿಶ್ವಕಪ್ಪಿನಲ್ಲಿ ಆ ತಂಡ ಐರ್ಲೆಂಡ್, ಸ್ಕಾಟ್ಲೆಂಡ್ ಎರಡನ್ನೂ ಮಣಿಸಿ ಕ್ವಾರ್ಟರ್ ಫೈನಲ್ ತಲುಪಿತು. 2024ರಲ್ಲಿ ಬ್ರೌನ್ ದಕ್ಷಿಣ ಆಫ್ರಿಕಾದ ದಾಳಿ ಕೋಚ್ ಆದರು. ತಳ್ಳುವುದು, ಒದೆಯುವುದು ಬಿಟ್ಟರೆ ಇವರಿಗೇನು ಗೊತ್ತು ಎಂದು ಮೂದಲಿಸಿಕೊಳ್ಳುತ್ತಿದ್ದ ತಂಡ ಚೆಂಡನ್ನು ಕೈಯಿಂದ ಕೈಗೆ ಹಾಯಿಸತೊಡಗಿತು. 2025ರ ಸೆಪ್ಟೆಂಬರ್ 13ರಂದು ವೆಲಿಂಗ್ಟನ್‌ನಲ್ಲಿ ಅದು ಆಲ್ ಬ್ಲ್ಯಾಕ್ಸ್ ಅನ್ನು 43-10ರಿಂದ ಸೋಲಿಸಿತು. ಆಲ್ ಬ್ಲ್ಯಾಕ್ಸ್ ಚರಿತ್ರೆಯಲ್ಲೇ ಅತಿ ದೊಡ್ಡ ಅಂತರದ ಸೋಲು, ಅದೂ ತವರಿನಲ್ಲಿ. ಬ್ರೌನ್ ಅವರನ್ನು ಕರೆಸಿಕೊಂಡದ್ದು ರಾಸಿ ಎರಾಸ್ಮಸ್: 2016ರಲ್ಲಿ ತಾವೇ ದೇಶ ಬಿಟ್ಟು ಐರ್ಲೆಂಡಿನ ಮನ್‌ಸ್ಟರ್ ಕ್ಲಬ್ಬಿಗೆ ಹೋಗಿ, ಮರುವರ್ಷ ವಾಪಸು ಬಂದು, 2019ರಲ್ಲಿ ವಿಶ್ವಕಪ್ ಗೆದ್ದವರು.