ಉತ್ತರ ಹೇಳದ ಪುಸ್ತಕ

ಮಧ್ಯಪ್ರದೇಶದ ಆಗಿನ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ ಶುರುವಾದ ವಿಜ್ಞಾನ ಬೋಧನಾ ಕಾರ್ಯಕ್ರಮದಿಂದ ಬಂದ ಹಿಂದಿ ಪಠ್ಯ 'ಬಾಲ್ ವೈಜ್ಞಾನಿಕ್'. ಅದು ಪ್ರಯೋಗ ಹೇಳುತ್ತದೆ, ಪ್ರಶ್ನೆ ಕೇಳುತ್ತದೆ, ಸುಮ್ಮನಾಗುತ್ತದೆ. ಉತ್ತರ ಮಗುವಿನ ನೋಟ್‌ಬುಕ್ಕಿನಲ್ಲೇ ಹುಟ್ಟಬೇಕು. ಪರೀಕ್ಷೆಗೂ ಪುಸ್ತಕ ಒಯ್ಯಬಹುದಿತ್ತು!

ನಾವೋ ಕನ್ನಡ ಶಾಲೆಯಲ್ಲಿ 'ದ್ಯುತಿಸಂಶ್ಲೇಷಣೆ', ಉರ್ದು ಶಾಲೆಯಲ್ಲಿ 'ಜಿಯಾಈ ತಾಲೀಫ್' ಎಂದು ಎಲೆ ಮುಟ್ಟಿಸದೆ ಬಾಯಿಪಾಠ ಮಾಡಿಸುತ್ತೇವೆ. 11ನೇ ಶತಮಾನದ ಇಬ್ನುಲ್ ಹೈಸಮ್ ಹೆಸರನ್ನು ಸಭೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಅವರಂತೆ ಕತ್ತಲ ಕೋಣೆಯ ಸಣ್ಣ ರಂಧ್ರದಿಂದ ಬರುವ ಬೆಳಕನ್ನು ನಮ್ಮ ಮಕ್ಕಳಿಗೆ ಎಂದಾದರೂ ತೋರಿಸಿದ್ದೇವೆಯೇ?

ಪುಸ್ತಕಕ್ಕೂ ತೊಡಕಿದೆ. ಪ್ರಯೋಗದ ಸಾಮಗ್ರಿ, ತರಬೇತಿಯಾದ ಮೇಷ್ಟ್ರು ಇಲ್ಲದಿದ್ದರೆ ಅದು ಬರೀ ಪ್ರಶ್ನೆಗಳ ಕಟ್ಟು. ಹಾಗೆಂದು 2002ರಲ್ಲಿ ರಾಜ್ಯ ಸರ್ಕಾರ ಇಡೀ ಕಾರ್ಯಕ್ರಮವನ್ನೇ ನಿಲ್ಲಿಸಿದ್ದನ್ನು ನಾವು ಒಪ್ಪಲಾರೆವು.