ಥೈಮ್ ತೈಲ: ಗುಣವೂ ಗುಣಗಾನವೂ

ಮೆಡಿಟರೇನಿಯನ್ ಸಮುದ್ರದ ಉತ್ತರತೀರದ ಸುಣ್ಣಕಲ್ಲಿನ ಬೆಟ್ಟಗಳಲ್ಲಿ, ಮೊಣಕಾಲೆತ್ತರವನ್ನೂ ಮುಟ್ಟದೆ ನೆಲಕ್ಕೆ ಹತ್ತಿಕೊಂಡು ಬೆಳೆಯುವ ಥೈಮ್ ಎಂಬ ಕುರುಚಲು ಗಿಡದ ಎಲೆಯನ್ನು ಬೆರಳುಗಳ ನಡುವೆ ತೀಡಿದರೆ ಹೊಮ್ಮುವ ಪರಿಮಳವು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಅದು ಬಹುಮಟ್ಟಿಗೆ ನಮ್ಮ ಓಮದ ಪರಿಮಳವೇ. ಎರಡರಲ್ಲಿಯೂ ಸಾಮಾನ್ಯವಾಗಿ ಪ್ರಧಾನವಾಗಿರುವುದು ಥೈಮಾಲ್ ಎಂಬ ಒಂದೇ ದ್ರವ್ಯ. ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಜರ್ಮನಿಯ ಕಾರ್ಖಾನೆಗಳು ಕೊಕ್ಕೆಹುಳುವಿನ ಔಷಧಿಗಾಗಿ ಬೇಕಾಗುತ್ತಿದ್ದ ಥೈಮಾಲನ್ನು ಬಹುಪಾಲು ತೆಗೆಯುತ್ತಿದ್ದುದು ಭಾರತದಿಂದ ಹಡಗೇರಿ ಹೋದ ಓಮದಕಾಳಿನಿಂದ.

ಇಂತಹ ದೀರ್ಘ ಇತಿಹಾಸವುಳ್ಳ ತೈಲವೊಂದರ ಜೈವಿಕ ಶಕ್ತಿಯನ್ನು ಕುರಿತು ಇಂದು ಪ್ರಕಟವಾಗುತ್ತಿರುವ ಪ್ರಬಂಧಗಳ ರಾಶಿಯಲ್ಲಿ ಹೆಚ್ಚಿನವು ಒಂದೇ ಜಾಡಿನವು. ತೈಲದಲ್ಲಿ ನೆನೆಸಿದ ಕಾಗದದ ಬಿಲ್ಲೆಯನ್ನು ಬ್ಯಾಕ್ಟೀರಿಯಾಗಳನ್ನು ಬಿತ್ತಿದ ಅಗರ್ ತಟ್ಟೆಯ ಮೇಲಿಟ್ಟು, ಮರುದಿನ ಬಿಲ್ಲೆಯ ಸುತ್ತ ತಿಳಿಯಾಗಿ ಕಾಣುವ ವಲಯವನ್ನು ಮಿಲಿಮೀಟರಿನಲ್ಲಿ ಅಳೆದು, ಆ ಅಳತೆಯನ್ನೇ ತೈಲದ ಪರಾಕ್ರಮವೆಂದು ಸಾರುವುದು ಅವುಗಳ ಪದ್ಧತಿ. ನೀರಿನಲ್ಲಿ ಕರಗಲೊಲ್ಲದ ತೈಲವು ಅಗರ್‌ನೊಳಗೆ ಸರಿಯಾಗಿ ಹರಡದು; ಅದರ ಒಂದು ಪಾಲು ಗಾಳಿಗೆ ಆವಿಯಾಗಿ ಹೋಗುತ್ತದೆ. ಆದಕಾರಣ ಆ ವಲಯವು ತೋರಿಸುವುದು ತೈಲ ಎಷ್ಟು ದೂರ ಸಂಚರಿಸಿತೆಂಬುದನ್ನೇ ಹೊರತು ಎಷ್ಟು ಬಲವಾಗಿ ಕೊಂದಿತೆಂಬುದನ್ನಲ್ಲ. ಅದನ್ನು ಆ್ಯಂಟಿಬಯಾಟಿಕ್ ಬಿಲ್ಲೆಯ ವಲಯದ ಪಕ್ಕದಲ್ಲಿಟ್ಟು ತೂಗುವುದಂತೂ ಅನುಚಿತ.

ಇದಕ್ಕಿಂತ ಗುರುತರವಾದ ದೋಷವೆಂದರೆ, ಥೈಮ್ ತೈಲವೆಂಬುದು ಒಂದೇ ವಸ್ತುವೆಂಬ ಭಾವನೆ. ಫ್ರಾನ್ಸಿನ ಮೊಂಪೆಲಿಯೆ ನಗರದ ಬಳಿಯ ಸೇಂಟ್ ಮಾರ್ತಾಂ ದ ಲೋಂದ್ರ್ ಎಂಬ ತಗ್ಗುಪ್ರದೇಶದಲ್ಲಿ ನಡೆದ ಸಂಶೋಧನೆಯನ್ನು ನಾನು ಈ ಕ್ಷೇತ್ರದ ಅತ್ಯುತ್ತಮ ಕಾರ್ಯವೆಂದೆಣಿಸುತ್ತೇನೆ. ಅಲ್ಲಿಯ ಒಂದೇ ಜಾತಿಯ ಥೈಮಿನಲ್ಲಿ ತೈಲದ ಪ್ರಧಾನ ದ್ರವ್ಯವನ್ನನುಸರಿಸಿ 6 ಬಗೆಗಳಿವೆ: ಥೈಮಾಲ್, ಕಾರ್ವಕ್ರಾಲ್ ಎಂಬ ಫೀನಾಲುಗಳ ಬಗೆಗಳೆರಡು, ಲಿನಲೂಲ್, ಜಿರೇನಿಯಾಲ್ ಮೊದಲಾದ ಫೀನಾಲಲ್ಲದ ಬಗೆಗಳು ನಾಲ್ಕು. ಚಳಿಗಾಲದಲ್ಲಿ ಶೀತವಾಯು ಇಳಿದು ನಿಲ್ಲುವ ತಗ್ಗಿನಲ್ಲಿ ಫೀನಾಲಲ್ಲದ ಗಿಡಗಳೂ, ಕೆಲವೇ ಕಿಲೋಮೀಟರ್ ಆಚೆ, ಬೇಸಿಗೆಯಲ್ಲಿ ಕಾದು ಬಿರಿಯುವ ಬೆಟ್ಟದೋರೆಗಳಲ್ಲಿ ಫೀನಾಲಿನ ಗಿಡಗಳೂ ನೆಲೆಸಿರುವುದನ್ನೂ, ಕಠಿನ ಹಿಮವನ್ನು ಎರಡನೆಯವು ತಾಳಲಾರವೆಂಬುದನ್ನೂ ಆ ವಿದ್ವಾಂಸರು ತೋರಿಸಿಕೊಟ್ಟರು. 1970ರ ದಶಕದ ಸಮೀಕ್ಷೆಯನ್ನು ಮೂರು ದಶಕಗಳಿಗೂ ಮಿಕ್ಕ ಕಾಲ ಕಳೆದ ಮೇಲೆ ಮತ್ತೆ ಕೈಗೊಂಡಾಗ, ಚಳಿಯ ಉಗ್ರತೆ ತಗ್ಗಿದ್ದರಿಂದ, ಫೀನಾಲಿನ ಗಿಡಗಳು ಮುನ್ನ ತಮಗೆ ಸಲ್ಲದಿದ್ದ ನೆಲಕ್ಕೂ ಇಳಿದುಬಂದಿದ್ದುದು ಕಂಡುಬಂತು. ರಸಾಯನಶಾಸ್ತ್ರವು ಭೂಮಿ, ಹವೆ, ವಂಶವಾಹಿಗಳೊಡನೆ ಇಷ್ಟು ಸಹಜವಾಗಿ ಕೂಡಿಕೊಂಡು ಮಾತನಾಡಿದ ನಿದರ್ಶನಗಳು ವಿರಳ.

ಈ ಭೇದವು ಜೈವಿಕ ಶಕ್ತಿಯ ದೃಷ್ಟಿಯಿಂದ ಅಲ್ಪವಾದುದಲ್ಲ. ಪರಸ್ಪರ ಸಮಾಂಗಿಗಳಾದ ಥೈಮಾಲ್, ಕಾರ್ವಕ್ರಾಲ್‌ಗಳು ಬ್ಯಾಕ್ಟೀರಿಯಾದ ಜೀವಕೋಶದ ಪೊರೆಯೊಳಗೆ ಸೇರಿ ಅದನ್ನು ಸಡಿಲಿಸಿ, ಒಳಗಿನ ಪೊಟ್ಯಾಸಿಯಂ ಹೊರಗೆ ಸೋರುವಂತೆ ಮಾಡುತ್ತವೆ; ಕಾರ್ವಕ್ರಾಲಿನ ಹೈಡ್ರಾಕ್ಸಿಲ್ ಗುಂಪನ್ನು ಮೀಥೈಲಿನಿಂದ ಮುಚ್ಚಿದರೆ ಆ ಶಕ್ತಿ ಉಡುಗುತ್ತದೆ. ಗಿಡದೊಳಗೆ ಅವುಗಳ ನೆರೆಯಲ್ಲೇ ಇರುವ ಸೈಮೀನ್ ತಾನಾಗಿ ದುರ್ಬಲವಾದರೂ, ಪೊರೆಯನ್ನು ಉಬ್ಬಿಸಿ ಕಾರ್ವಕ್ರಾಲಿಗೆ ದಾರಿಮಾಡಿಕೊಡುತ್ತದೆ. ಹೀಗಿರುವಲ್ಲಿ, ಲಿನಲೂಲ್ ಪ್ರಧಾನವಾದ ತೈಲಕ್ಕೂ ಥೈಮಾಲ್ ಪ್ರಧಾನವಾದ ತೈಲಕ್ಕೂ ಒಂದೇ ಹೆಸರಿಟ್ಟು ಬರೆದ ಫಲಿತಾಂಶದಿಂದ ಓದುಗನು ಏನನ್ನು ಗ್ರಹಿಸಬೇಕು?

ತಟ್ಟೆಯಿಂದ ದೇಹಕ್ಕೆ ಹಾರುವ ಅವಸರವನ್ನೂ ನಾನು ಒಪ್ಪಲಾರೆ. ನುಂಗಿದ ಥೈಮಾಲ್ ರಕ್ತದಲ್ಲಿ ಬಹುಪಾಲು ಸಲ್ಫೇಟಾಗಿ ಮಾರ್ಪಟ್ಟು ಕಾಣಿಸುತ್ತದೆ. ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ಕೊಂದ ರೂಪದಲ್ಲಿಯೂ ಪ್ರಮಾಣದಲ್ಲಿಯೂ ಅದು ಅಂಗಾಂಗಗಳನ್ನು ತಲಪುವುದೆಂದು ನಂಬಲು ಆಧಾರವಿಲ್ಲ. ಬೆರಸದ ತೈಲವು ಚರ್ಮವನ್ನೂ ಬಾಯಿಯ ಒಳಪೊರೆಯನ್ನೂ ಸುಡುತ್ತದೆ. ಈ ದ್ರವ್ಯದ ಯಶಸ್ಸು ಸ್ಥಿರಪಟ್ಟಿರುವುದು ಅದು ಶತ್ರುವನ್ನು ನೇರವಾಗಿ ಮುಟ್ಟುವಲ್ಲಿ: ಬಾಯಿ ಮುಕ್ಕಳಿಸುವ ದ್ರಾವಣಗಳಲ್ಲಿ, ಜೇನುಗೂಡಿನೊಳಗೆ ಅದರ ಆವಿಯಿಂದ ವರೋವಾ ನುಸಿಯನ್ನು ಅಡಗಿಸುವ ಕಾರ್ಯದಲ್ಲಿ.

ಗಿಡ ಬೆಳೆದ ಸ್ಥಳ, ಕೊಯ್ದ ಋತು, ಗ್ಯಾಸ್ ಕ್ರೊಮಟೊಗ್ರಫಿಯಿಂದ ತಿಳಿದುಬಂದ ಘಟಕಗಳ ಪಟ್ಟಿ, ತೈಲವನ್ನು ನೀರಿಗೆ ಹೊಂದಿಸಲು ಬಳಸಿದ ದ್ರಾವಕ, ಇಷ್ಟನ್ನೂ ಒದಗಿಸದ ಪ್ರಬಂಧವನ್ನು ಸಂಪಾದಕರು ಹಿಂದಿರುಗಿಸತಕ್ಕದ್ದು. ಕಾರ್ವಕ್ರಾಲ್, ಥೈಮಾಲ್‌ಗಳ ಪ್ರಮಾಣವು ಊರಿಂದೂರಿಗೆ ಬೇರೆಯಾಗುವ ನಮ್ಮ ದೊಡ್ಡಪತ್ರೆಯ ತೈಲವನ್ನು ಪರೀಕ್ಷಿಸುವವರಿಗೂ ಈ ನಿಯಮ ಅಷ್ಟೇ ಅನ್ವಯಿಸುತ್ತದೆ.